ವಿಚಾರಿಸದೆ ಮುಚ್ಚಿದ ಬಾಗಿಲು

(ಕುಟುಂಬ ಸಮಾವೇಶವೊಂದರಲ್ಲಿ ಮಾಡಿದ ಭಾಷಣ)



2018ರ ಡಿಸೆಂಬರ್‌ನಲ್ಲಿ ಅಮೇರಿಕದ ಕ್ಯಾಲಿಫೋರ್ನಿಯಾದ ಆಸ್ಪತ್ರೆಯೊಂದರಲ್ಲಿ ಎರಡು ವರ್ಷದ ಮಗುವೊಂದು ಸಾವು ಬದುಕಿನ ನಡುವೆ ಹೋರಾಡುತ್ತಿತ್ತು. ತಂದೆ ಅಮೇರಿಕದ ಪ್ರಜೆ, ಮಗುವೂ ಅಲ್ಲಿಯ ಪ್ರಜೆ. ತಾಯಿ ಮಾತ್ರ ಯಮನ್ ದೇಶದವಳು. ಆ ಒಂದೇ ಕಾರಣಕ್ಕೆ ಆಕೆ ದೂರದ ಈಜಿಪ್ಟ್‌ನಲ್ಲಿ ಕುಳಿತು ವೀಸಾಕ್ಕಾಗಿ ಅಂಗಲಾಚಬೇಕಾಯಿತು. ಸುದ್ದಿ ಹರಡಿ ಜನರು ದನಿಯೆತ್ತಿದ ಬಳಿಕವಷ್ಟೇ ಆಕೆಗೆ ಅನುಮತಿ ದೊರೆಯಿತು. ಆಕೆ ತಲಪಿ ಹತ್ತು ದಿನ ತುಂಬುವ ಮೊದಲೇ ಮಗು ಕಣ್ಮುಚ್ಚಿತು.

ಆ ತಾಯಿಯ ಅಪರಾಧವೇನು? ಯಾವ ಅಧಿಕಾರಿಯೂ ಆಕೆಯಲ್ಲಿ ತಪ್ಪನ್ನು ಕಂಡಿರಲಿಲ್ಲ. ಆಕೆಯ ದೇಶದ ಹೆಸರು ಒಂದು ಪಟ್ಟಿಯಲ್ಲಿತ್ತು, ಅಷ್ಟೇ.

ಆ ಪಟ್ಟಿ ಹುಟ್ಟಿದ್ದು 2017ರ ಜನವರಿ 27ರಂದು. ಇರಾಕ್, ಇರಾನ್, ಸಿರಿಯಾ, ಯಮನ್, ಲಿಬಿಯಾ, ಸುಡಾನ್ ಮತ್ತು ಸೊಮಾಲಿಯಾದ ಪ್ರಜೆಗಳು 90 ದಿನ ಅಮೇರಿಕವನ್ನು ಪ್ರವೇಶಿಸಬಾರದೆಂದು ಅಧ್ಯಕ್ಷ ಟ್ರಂಪ್ ಆದೇಶಿಸಿದರು. ಎಲ್ಲ ದೇಶಗಳ ನಿರಾಶ್ರಿತರಿಗೂ 120 ದಿನ ಬಾಗಿಲು ಮುಚ್ಚಿತು. ಸಿರಿಯಾದ ನಿರಾಶ್ರಿತರಿಗಂತೂ ಅವಧಿಯೇ ಇರಲಿಲ್ಲ.

ಯಾವುದೇ ದೇಶಕ್ಕೆ ತನ್ನ ಗಡಿಯನ್ನು ಕಾಯುವ ಹಕ್ಕಿದೆ. ಅದನ್ನು ನಾವು ನಿರಾಕರಿಸುವುದಿಲ್ಲ. ಬರುವವರನ್ನು ತಡೆದು ವಿಚಾರಿಸಲಿ, ದಾಖಲೆಗಳನ್ನು ಪರಿಶೀಲಿಸಲಿ, ತಪ್ಪಿದ್ದರೆ ಹಿಂದಕ್ಕೆ ಕಳುಹಿಸಲಿ. ಆದರೆ ವಿಚಾರಿಸುವ ಮೊದಲೇ ಹುಟ್ಟಿದ ದೇಶವನ್ನು ನೋಡಿ ತೀರ್ಪು ಬರೆದಿಡುವುದನ್ನು ಭದ್ರತೆ ಎನ್ನಲು ಸಾಧ್ಯವೇ? ನ್ಯೂಯಾರ್ಕ್ ವಿಮಾನ ನಿಲ್ದಾಣದಲ್ಲಿ ಮೊದಲು ಸಿಕ್ಕಿಬಿದ್ದವರಲ್ಲಿ ಒಬ್ಬರು ಅಮೇರಿಕದ ಸೇನೆಗೇ ವರ್ಷಗಟ್ಟಲೆ ದುಭಾಷಿಯಾಗಿ ದುಡಿದಿದ್ದ ಇರಾಕಿ!

ಮುಂದೆ ನಡೆದುದನ್ನು ನಾವು ಗಮನವಿಟ್ಟು ಓದಬೇಕು. ವಕೀಲರು ವಿಮಾನ ನಿಲ್ದಾಣಗಳಿಗೆ ಧಾವಿಸಿದರು. ನೆಲದ ಮೇಲೆ ಕುಳಿತು ಅರ್ಜಿಗಳನ್ನು ಸಿದ್ಧಪಡಿಸಿದರು. ಮರುದಿನವೇ ಬ್ರೂಕ್ಲಿನ್‌ನ ನ್ಯಾಯಾಧೀಶೆ ಆನ್ ಡಾನೆಲಿ, ಬಂದಿಳಿದವರನ್ನು ಹಿಂದಕ್ಕೆ ಕಳುಹಿಸದಂತೆ ತಡೆಯಾಜ್ಞೆ ನೀಡಿದರು. ಅದೇ ಸಂಜೆ ನ್ಯೂಯಾರ್ಕ್‌ನ ಟ್ಯಾಕ್ಸಿ ಚಾಲಕರ ಸಂಘವು ಒಂದು ಗಂಟೆ ಕಾಲ ನಿಲ್ದಾಣದಿಂದ ಪ್ರಯಾಣಿಕರನ್ನು ಹತ್ತಿಸಿಕೊಳ್ಳದೆ ಪ್ರತಿಭಟಿಸಿತು. ಫೆಬ್ರವರಿ 2ರಂದು ಯಮನಿ ವ್ಯಾಪಾರಿಗಳು ತಮ್ಮ ದಿನಸಿ ಅಂಗಡಿಗಳನ್ನು ಮುಚ್ಚಿ ಬೀದಿಗಿಳಿದರು. ನಿಷೇಧದ ವಿರುದ್ಧ ನ್ಯಾಯಾಲಯದ ಮೆಟ್ಟಿಲೇರಿದವರಲ್ಲಿ ಯಹೂದಿಗಳ ನಿರಾಶ್ರಿತ ಸೇವಾ ಸಂಸ್ಥೆಯೂ ಇತ್ತು.

ಕೊನೆಗೆ, ತಿದ್ದಿ ಬರೆದ ಮೂರನೆಯ ಆದೇಶವನ್ನು ಸುಪ್ರೀಂ ಕೋರ್ಟು 2018ರ ಜೂನ್ 26ರಂದು ಐವರು-ನಾಲ್ವರ ಬಹುಮತದಿಂದ ಎತ್ತಿ ಹಿಡಿಯಿತು. 2021ರಲ್ಲಿ ಅಧ್ಯಕ್ಷ ಬೈಡನ್ ನಿಷೇಧವನ್ನು ರದ್ದುಗೊಳಿಸಿದರು. 2025ರ ಜೂನ್‌ನಲ್ಲಿ ಅದು ಮರಳಿ ಬಂತು: 12 ದೇಶಗಳಿಗೆ ಪೂರ್ಣ ನಿಷೇಧ, 7 ದೇಶಗಳಿಗೆ ಭಾಗಶಃ. ವರ್ಷಕ್ಕೆ 1,25,000 ಇದ್ದ ನಿರಾಶ್ರಿತರ ಮಿತಿ 2026ರ ಆರ್ಥಿಕ ವರ್ಷಕ್ಕೆ 7,500ಕ್ಕೆ ಕುಸಿಯಿತು. ಈ ಸಲದ ಪಟ್ಟಿಯಲ್ಲಿ ಕ್ರೈಸ್ತರೇ ಬಹುಸಂಖ್ಯಾತರಾಗಿರುವ ಹೈತಿ ಮತ್ತು ಕಾಂಗೋ ಗಣರಾಜ್ಯಗಳೂ ಇದ್ದವು. ಅವರ ಬಗ್ಗೆ ನಮ್ಮ ಸಭೆಗಳಲ್ಲಿ ಒಂದು ಮಾತಾದರೂ ಕೇಳಿಬಂತೇ? ಸಂತ್ರಸ್ತನ ಹೆಸರನ್ನು ಕೇಳಿದ ಮೇಲೆ ಮರುಗುವುದಾದರೆ, ದೇಶವನ್ನು ನೋಡಿ ಬಾಗಿಲು ಮುಚ್ಚುವವರಿಗೂ ನಮಗೂ ಏನು ವ್ಯತ್ಯಾಸ?

ಸಹೋದರರೇ, ಮಕ್ಕಾದ ಕಿರುಕುಳದಿಂದ ಪಾರಾಗಲು ಮೊದಲ ಮುಸ್ಲಿಮರು ವಲಸೆ ಹೋದದ್ದು ಕ್ರೈಸ್ತ ದೊರೆಯ ನಾಡಾದ ಅಬಿಸೀನಿಯಾಕ್ಕೆ. ಕುರೈಶರ ದೂತರು ಉಡುಗೊರೆ ಹೊತ್ತು ಅಲ್ಲಿಗೂ ಬೆನ್ನಟ್ಟಿ ಬಂದು, ಅವರನ್ನು ಒಪ್ಪಿಸಿರೆಂದು ಕೇಳಿದರು. ದೊರೆ ನಜ್ಜಾಶಿ ಏನು ಮಾಡಿದರು? ವಲಸಿಗರನ್ನು ಆಸ್ಥಾನಕ್ಕೆ ಕರೆಸಿದರು. ಜಾಫರ್ ಬಿನ್ ಅಬೂತಾಲಿಬ್(ರ)ರ ಮಾತನ್ನು ಪೂರ್ತಿಯಾಗಿ ಆಲಿಸಿದರು. ಆ ಬಳಿಕವೇ ತೀರ್ಮಾನಿಸಿದರು. ಇಂದಿನ ನಿರಾಶ್ರಿತನೂ ಜಗತ್ತಿನಿಂದ ಮೊದಲು ಕೇಳುತ್ತಿರುವುದು ಇದನ್ನೇ: ನನ್ನ ಮಾತನ್ನೂ ಕೇಳಿ.

ಹಾಗಾದರೆ ನಮ್ಮ ಪಾಲಿನ ಕೆಲಸವೇನು? ದುಆ ಮಾಡೋಣ, ಆದರೆ ಅಲ್ಲಿಗೇ ನಿಲ್ಲದಿರೋಣ. ಮಕ್ಕಳು ಡಾಕ್ಟರ್, ಇಂಜಿನಿಯರ್ ಆಗಲೆಂದು ನಾವು ಸಾಲ ಮಾಡುತ್ತೇವೆ. ವಕೀಲರಾಗಲೆಂದು ಹಾರೈಸಿದವರೆಷ್ಟು ಮಂದಿ? ನಮ್ಮ ಪಟ್ಟಣಗಳಿಗೆ ಕೂಲಿಗಾಗಿ ಬಂದ, ಭಾಷೆ ತಿಳಿಯದ ಪರವೂರಿನ ಕುಟುಂಬಕ್ಕೆ ಒಂದು ಅರ್ಜಿ ತುಂಬಿಸಿಕೊಡಲು ನಮ್ಮ ಪದವೀಧರ ಯುವಕ ಯುವತಿಯರಿಗೆ ವಾರದಲ್ಲಿ ಒಂದು ಗಂಟೆ ಸಿಗದೇ? ಆ ಕುಟುಂಬದ ಧರ್ಮ ಯಾವುದೆಂದು ಕೇಳುವ ಅಗತ್ಯ ನಮಗಿಲ್ಲ.

ಆ ಯಮನಿ ತಾಯಿಗೆ ಬಾಗಿಲು ತೆರೆಯಿಸಿದ್ದು ಸುಮ್ಮನಿರಲೊಪ್ಪದ ಜನರು. ಅವರು ಇನ್ನೂ ಸ್ವಲ್ಪ ಮೊದಲೇ ಸಿಕ್ಕಿದ್ದರೆ, ಆಕೆಗೆ ತನ್ನ ಮಗುವಿನೊಂದಿಗೆ ಕಳೆಯಲು ಇನ್ನಷ್ಟು ದಿನಗಳು ದೊರೆಯುತ್ತಿದ್ದವು.