ಫಿಟ್ಸ್ ಬರುವ ಮಗುವಿಗೆ ಮನೆಯಲ್ಲೇ ಅಭ್ಯಾಸ
(ಉದ್ದನಪಲ್ಲಿಯಲ್ಲಿ ಕೂಲಿಕಾರ ಕುಟುಂಬಗಳ ಕೂಟದಲ್ಲಿ ಮಾಡಿದ ಭಾಷಣ)



ನಾವು ಫಿಟ್ಸ್ ಎನ್ನುವ ರೋಗಕ್ಕೆ ಪುಸ್ತಕದಲ್ಲಿ ಅಪಸ್ಮಾರ ಎಂದು ಹೆಸರು. ಬೆಂಕಿಯಲ್ಲಿಯೂ ನೀರಿನಲ್ಲಿಯೂ ಬೀಳುತ್ತಿದ್ದ ಮಗನನ್ನು ಯೇಸುವಿನ ಬಳಿಗೆ ಕರೆತಂದ ತಂದೆಯ ಸಂಗತಿಯನ್ನು ನೀವೆಲ್ಲರೂ ಓದಿದ್ದೀರಿ. ಆ ತಂದೆಯ ಭಯವೇ ಇಂದು ನಮ್ಮ ಮನೆಗಳಲ್ಲಿಯೂ ಇದೆ. ಒಂದು ಕಡೆ ಸೌದೆ ಒಲೆ, ಇನ್ನೊಂದು ಕಡೆ ನೀರಿನ ತೊಟ್ಟಿ.

ಮೊದಲು ಮಾತ್ರೆಯ ಮಾತು. ಸರಿಯಾದ ಮಾತ್ರೆಯನ್ನು ದಿನವೂ ತಪ್ಪದೆ ಕೊಟ್ಟರೆ ಹತ್ತು ಮಂದಿಯಲ್ಲಿ ಸುಮಾರು ಏಳು ಮಂದಿಗೆ ಫಿಟ್ಸ್ ನಿಲ್ಲುತ್ತದೆ. 1990ರ ದಶಕದಲ್ಲಿ ಬೆಂಗಳೂರಿನ ನರರೋಗ ತಜ್ಞರಾದ ಡಾ. ಕೆ.ಎಸ್. ಮಣಿ ಮತ್ತು ಅವರ ಸಂಗಡಿಗರು ಯಳಂದೂರಿನ ಹಳ್ಳಿಗಳಲ್ಲಿ ಕೆಲಸ ಮಾಡಿ, ಫೀನೋಬಾರ್ಬಿಟೋನ್, ಫೆನಿಟೋಯಿನ್ ಎಂಬ ಕಡಿಮೆ ಬೆಲೆಯ ಮಾತ್ರೆಗಳಿಂದಲೇ ಬಡವರಿಗೆ ಗುಣ ಕಾಣುತ್ತದೆಂದು ತೋರಿಸಿದರು. ಆದ್ದರಿಂದ ಪ್ರಾರ್ಥನೆಗೆ ಹೋದೆವು, ಮಾತ್ರೆ ನಿಲ್ಲಿಸಿದೆವು ಎಂದು ಯಾರೂ ಮಾಡಬೇಡಿ. ಎರಡೂ ನಡೆಯಲಿ. ತಟ್ಟನೆ ಮಾತ್ರೆ ನಿಲ್ಲಿಸಿದರೆ ಪ್ರಾಣಕ್ಕೇ ಅಪಾಯ.

ಇಂದಿನ ಮಾತು ಉಳಿದ ಮೂರು ಮಂದಿಯ ವಿಷಯ. ಕೆಲವು ಮಕ್ಕಳಿಗೆ ಎರಡು ಮೂರು ಬಗೆಯ ಮಾತ್ರೆ ಕೊಟ್ಟರೂ ದಿನಕ್ಕೆ ಹಲವು ಸಾರಿ ಸೆಳೆತ ಬರುತ್ತದೆ. ಅಂಥ ಮಗು ಕೂರುವುದು ತಡ, ಮಾತು ತಡ, ಕೈಯ ಹಿಡಿತವೂ ತಡ. ಆರು ವರ್ಷವಾದರೂ ತಾಯಿಯೇ ಉಣ್ಣಿಸಬೇಕು, ತಾಯಿಯೇ ಚಡ್ಡಿ ಹಾಕಬೇಕು. ಇಂಥ ಮಕ್ಕಳಿಗೆ ಆಕ್ಯುಪೇಶನಲ್ ಥೆರಪಿ ಎಂಬ ಚಿಕಿತ್ಸೆ ಇದೆ. ಇದು ಎಣ್ಣೆ ತಿಕ್ಕುವುದಲ್ಲ, ಬರೀ ವ್ಯಾಯಾಮವೂ ಅಲ್ಲ. ಉಣ್ಣುವುದು, ತೊಡುವುದು, ತೊಳೆಯುವುದು, ಆಡುವುದು, ಈ ದಿನನಿತ್ಯದ ಕೆಲಸಗಳನ್ನು ಮಗುವಿನ ಕೈಯಿಂದಲೇ ಮಾಡಿಸುವ ವಿದ್ಯೆ. ನಮ್ಮ ದೇಶದಲ್ಲಿ ಇದನ್ನು ಕಲಿಸುವ ಮೊದಲ ಶಾಲೆ 1950ರಲ್ಲಿ ಮುಂಬಯಿಯಲ್ಲಿ ಆರಂಭವಾಯಿತು.

ಆದರೆ ಉದ್ದನಪಲ್ಲಿಯಿಂದ ಬೆಂಗಳೂರಿಗೆ ಹೋಗಿ ಬರುವುದೆಂದರೆ ಒಂದು ದಿನ. ಬಸ್ಸಿನಲ್ಲಿ ಮಗುವಿಗೆ ಫಿಟ್ಸ್ ಬಂದರೆ ಹಿಡಿಯಲು ಇನ್ನೊಬ್ಬರು ಬೇಕು. ಅಲ್ಲಿಗೆ ಎರಡು ಕೂಲಿ ಹೋಯಿತು. ಮುಕ್ಕಾಲು ಗಂಟೆಯ ಅಭ್ಯಾಸಕ್ಕೆ ವಾರ ವಾರವೂ ಎರಡು ಕೂಲಿ ಯಾರು ಕಳೆದುಕೊಳ್ಳುತ್ತಾರೆ? ಎರಡು ಸಾರಿ ಹೋಗಿ ನಿಲ್ಲಿಸಿದವರನ್ನು ನಾನು ದೂರುವುದಿಲ್ಲ.

2020ರಲ್ಲಿ ಕೊರೋನಾ ಬಂದು ಬಸ್ಸುಗಳೇ ನಿಂತಾಗ ಈ ಚಿಕಿತ್ಸೆ ಫೋನಿಗೆ ಬಂತು. ತೆಂಕಾಶಿಯ ಹತ್ತಿರ ಆಯಿಕುಡಿಯಲ್ಲಿ 1981ರಿಂದ ಇರುವ ಅಮರ್ ಸೇವಾ ಸಂಗಮ್ ಹಳ್ಳಿಯ ಅಂಗವಿಕಲ ಮಕ್ಕಳಿಗೆ ಮನೆಯಲ್ಲೇ ಅಭ್ಯಾಸ ಕಲಿಸುತ್ತಿತ್ತು. ಆಗ ಅದನ್ನು ಫೋನಿನ ಮೂಲಕ ಮುಂದುವರಿಸಿತು. ಮೊದಲ ಸಾರಿ ಮಗುವನ್ನು ಎದುರಿಗೇ ಪರೀಕ್ಷಿಸಬೇಕು. ಅದಕ್ಕೆ ಬೆಂಗಳೂರಿನ ನಿಮ್ಹಾನ್ಸ್‌ಗಾಗಲಿ, ಜಿಲ್ಲಾ ಕೇಂದ್ರದ ಮಕ್ಕಳ ಶೀಘ್ರ ಚಿಕಿತ್ಸಾ ಕೇಂದ್ರಕ್ಕಾಗಲಿ ಹೋಗಲೇಬೇಕು. ಆಮೇಲಿನ ವಾರಗಳಿಗೆ ಫೋನ್ ಸಾಕಾಗುತ್ತದೆಯೇ ಎಂದು ಅಲ್ಲೇ ಕೇಳಿ.

ಫೋನಿನಲ್ಲಿ ಕೈ ಹಿಡಿದು ಕಲಿಸುವುದು ಹೇಗೆ ಎಂದು ನೀವು ಕೇಳುತ್ತೀರಿ. ಥೆರಪಿಸ್ಟಿನ ಕೈ ಇಲ್ಲಿಗೆ ಬರುವುದಿಲ್ಲ, ನಿಜ. ನಿಮ್ಮ ಕೈಯೇ ಅವರ ಕೈ. ಮಗು ಫೋನನ್ನು ನೋಡುತ್ತಾ ಕೂರಬೇಕಾಗಿಲ್ಲ, ಫೋನ್ ನಿಮಗೆ. ಅದನ್ನು ಡಬ್ಬಿಗೆ ಒರಗಿಸಿ, ಮಗುವಿನ ಎತ್ತರಕ್ಕೆ ಇಡಿ. ಆಸ್ಪತ್ರೆಯಲ್ಲಿ ಅವರಿಗೆ ಕಾಣದ ಒಂದು ವಸ್ತು ಇಲ್ಲಿ ಕಾಣುತ್ತದೆ: ನಿಮ್ಮ ಮನೆ. ಒಲೆ ಎಲ್ಲಿದೆ, ನೆಲ ಎಷ್ಟು ಒರಟು, ಬಚ್ಚಲಿಗೆ ಒಳಚಿಲಕ ಇದೆಯೇ, ಎಲ್ಲವೂ. ಬಚ್ಚಲಿನ ಚಿಲಕ ತೆಗೆಸಿ, ಮಗುವನ್ನು ಕೂರಿಸಿ ಚೊಂಬಿನಿಂದ ಸ್ನಾನ ಮಾಡಿಸಿ ಎನ್ನುತ್ತಾರೆ. ತಲೆಗೆ ಸುಡುನೀರು ಹೊಯ್ದರೆ ಫಿಟ್ಸ್ ಬರುವವರು ನಮ್ಮ ಕಡೆ ಇದ್ದಾರೆ. ಅಂಥ ಮಗುವಾದರೆ ಉಗುರುಬೆಚ್ಚಗಿನ ನೀರು ಸಾಕು.

ಚಡ್ಡಿ ತೊಡುವುದನ್ನೇ ನೋಡಿ. ಸೊಂಟದ ಹತ್ತಿರದವರೆಗೆ ನೀವೇ ಎಳೆಯಿರಿ, ಕೊನೆಯ ನಾಲ್ಕು ಬೆರಳಷ್ಟನ್ನು ಮಗು ಎಳೆಯಲಿ. ಅದು ಬಂದ ಮೇಲೆ ತೊಡೆಯಿಂದ, ಆಮೇಲೆ ಮೊಣಕಾಲಿನಿಂದ. ಕೊನೆಯಿಂದ ಹಿಂದಕ್ಕೆ ಕಲಿಸುವುದರಿಂದ ದಿನವೂ ಕೆಲಸ ಮುಗಿಸಿದ ಸಂತೋಷ ಮಗುವಿನದಾಗುತ್ತದೆ. ಊಟಕ್ಕೆ ಪೇಟೆಯ ಥೆರಪಿಸ್ಟ್ ಚಮಚ ತನ್ನಿ ಎಂದರೆ ಸಂಕೋಚಪಡದೆ ನಿಮ್ಮ ಮುದ್ದೆ, ಸಾರಿನ ತಟ್ಟೆ ತೋರಿಸಿ. ನುಂಗುವುದನ್ನು ಅವರು ನೋಡಿ ಸರಿ ಎಂದ ಮೇಲೆ ಚಿಕ್ಕ ಚಿಕ್ಕ ಚೂರು ಮಾಡಿ ಕೈಗೇ ಕೊಡಬಹುದು. ಫಿಟ್ಸ್ ಬಂದು ಪೂರ್ತಿ ಎಚ್ಚರವಾಗುವ ಮುಂಚೆ ಮಾತ್ರ ಬಾಯಿಗೆ ಏನೂ ಹಾಕಬಾರದು, ನೀರನ್ನು ಸಹ.

ಇನ್ನೊಂದು ಅನುಕೂಲ ಗಡಿನಾಡಿನ ನಮಗೇ ವಿಶೇಷ. ಶಾಲೆ ತಮಿಳು, ಸಂತೆ ತೆಲುಗು, ಮನೆ ಕನ್ನಡ. ನಾಲ್ಕೇ ಮಾತು ತಿಳಿದ ಮಗುವಿಗೆ ಮೂರು ಭಾಷೆ ಹೊರಿಸಬಾರದು. ಫೋನಿಗೆ ರಾಜ್ಯದ ಗಡಿ ಇಲ್ಲ. ಕನ್ನಡ ಬಲ್ಲ ಥೆರಪಿಸ್ಟ್ ಬೇಕೆಂದು ಕೇಳಿ.

ಕರೆಯ ನಡುವೆ ಫಿಟ್ಸ್ ಬಂದರೆ? ಅದಕ್ಕಾಗಿ ಮನೆಯಲ್ಲಿ ಇನ್ನೊಬ್ಬ ದೊಡ್ಡವರಿರಬೇಕು, ನಿಮ್ಮ ವಿಳಾಸವೂ ಪಕ್ಕದ ಮನೆಯವರ ನಂಬರೂ ಥೆರಪಿಸ್ಟಿನ ಬಳಿ ಇರಬೇಕು. ಮಗುವನ್ನು ಮಗ್ಗುಲಾಗಿ ಮಲಗಿಸಿ, ಹೊತ್ತು ನೋಡಿ. ಕೈಗೆ ಬೀಗದ ಕೈ ಕೊಡಬೇಡಿ, ಹಲ್ಲು ಬಿಡಿಸಬೇಡಿ. ಐದು ನಿಮಿಷ ದಾಟಿದರೆ 108ಕ್ಕೆ ಹೇಳಿ. ಇನ್ನೊಬ್ಬರು ಆ ಸೆಳೆತವನ್ನು ಫೋನಿನಲ್ಲೇ ಚಿತ್ರ ತೆಗೆದಿಟ್ಟರೆ ಡಾಕ್ಟರಿಗೆ ಬಹಳ ಉಪಯೋಗ. ಫಿಟ್ಸ್ ಹೆಚ್ಚಾದ ವಾರ ಮಗು ಕಲಿತದ್ದನ್ನು ಮರೆಯುತ್ತದೆ. ಬಯ್ಯದೆ ಒಂದು ಹೆಜ್ಜೆ ಹಿಂದಿನಿಂದ ಮತ್ತೆ ಹಿಡಿಯಿರಿ.

ನೆಟ್ ಸಿಗದ, ದೊಡ್ಡ ಫೋನ್ ಇಲ್ಲದ ಮನೆಗಳೂ ಇವೆ. 2021ರ ಆಗಸ್ಟ್ 5ರಂದು ನಮ್ಮ ಕೃಷ್ಣಗಿರಿ ಜಿಲ್ಲೆಯ ಸಾಮನಪಲ್ಲಿಯಲ್ಲೇ ಆರಂಭವಾದ ‘ಮಕ್ಕಳೈ ತೇಡಿ ಮರುತ್ತುವಂ’ ಯೋಜನೆಯವರು ಮನೆಗೆ ಬರುತ್ತಾರೆ. ಹೆಸರು ಕೇಳಿ ಮಕ್ಕಳಿಗೆ ಮಾತ್ರ ಎಂದುಕೊಳ್ಳಬೇಡಿ, ತಮಿಳಿನಲ್ಲಿ ಮಕ್ಕಳ್ ಎಂದರೆ ಜನರು. ಅವರಲ್ಲಿ ಫಿಸಿಯೋಥೆರಪಿಯವರು ಇರುತ್ತಾರೆ. ಮಗುವಿನ ವಿಷಯ ಹೇಳಿ.

ಈಗ ಕಷ್ಟದ ಮಾತು. ತಾಯಿ ಬೆಳಗಾಗುವ ಮುಂಚೆ ಗುಲಾಬಿ ಶೆಡ್ಡಿಗೆ ಹೋದರೆ ಹಗಲೆಲ್ಲ ಮಗುವಿನ ಸಂಗಡ ಇರುವವರು ಯಾರು? ಅಜ್ಜಿ, ಇಲ್ಲವೇ ಅಕ್ಕ. ಅಜ್ಜಿ ಇದ್ದರೆ ಕರೆಗೆ ಆಕೆಯನ್ನೇ ಕೂರಿಸಿ, ಕಲಿಯಬೇಕಾದವರು ಆಕೆ. ಹತ್ತು ವರ್ಷದ ಅಕ್ಕನನ್ನು ಶಾಲೆ ಬಿಡಿಸಿ ಕೂರಿಸುವುದನ್ನು ಮಾತ್ರ ನಾನು ಒಪ್ಪಲಾರೆ. ಅದಕ್ಕಿಂತ ಸಂಜೆ ಏಳು ಗಂಟೆಗೆ ಕರೆ ಮಾಡಿ ಎಂದು ಥೆರಪಿಸ್ಟನ್ನು ಕೇಳಿ. ಆಗದಿದ್ದರೆ ವಾರಕ್ಕೊಂದು ಅರ್ಧ ಗಂಟೆ ತಡವಾಗಿ ಬರುತ್ತೇನೆಂದು ಮೇಸ್ತ್ರಿಯನ್ನು ಕೇಳಿ. ಒಬ್ಬಳೇ ಕೇಳಲು ಹೆದರಿಕೆಯಾದರೆ ನಾಲ್ಕು ಜನ ಜೊತೆಗೆ ಹೋಗಿ.