ಎಳೆಗೂಸಿನ ಕಾಮಾಲೆ ಅಳೆಯಲು ಯಾವ ಯಂತ್ರ?

(ಕ್ಯಾಸನೂರಿನ ಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ನಾನು ಓದಿದ್ದು ಬೇಸಾಯದ ಡಿಪ್ಲೊಮಾ, ವೈದ್ಯನಲ್ಲ. ಆದರೆ ಯಂತ್ರ ಕೊಳ್ಳುವಾಗ ರೈತನಿಗೂ ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಗೂ ಎದುರಾಗುವ ಪ್ರಶ್ನೆ ಒಂದೇ.

ದಿನ ತುಂಬಿ ಹುಟ್ಟಿದ ನೂರು ಕೂಸುಗಳಲ್ಲಿ ಸುಮಾರು 60ಕ್ಕೆ, ದಿನ ತುಂಬದವುಗಳಲ್ಲಿ ಸುಮಾರು 80ಕ್ಕೆ ಮೊದಲ ವಾರ ಮೈ ಹಳದಿಯಾಗುವುದುಂಟು. ಬಹುಪಾಲು ತಾನಾಗಿ ಇಳಿಯುತ್ತದೆ. ಕೆಲವಕ್ಕೆ ಮಾತ್ರ ಬಿಲಿರುಬಿನ್ ಎಂಬ ಹಳದಿ ವಸ್ತು ರಕ್ತದಲ್ಲಿ ಏರಿ ಮಿದುಳಿಗೆ ತಟ್ಟುತ್ತದೆ. ಕೂಸು ಉಳಿದರೂ ಕಿವಿ ಕೇಳಿಸದೆ ಹೋಗಬಹುದು, ಕೈಕಾಲು ಸ್ವಾಧೀನ ತಪ್ಪಬಹುದು. ಹುಟ್ಟಿದ 24 ಗಂಟೆಯೊಳಗೆ ಹಳದಿ ಕಂಡರೆ, ಇಲ್ಲವೆ ಅಂಗಾಲಿನವರೆಗೆ ಹಬ್ಬಿದರೆ ಕೂಡಲೇ ಆಸ್ಪತ್ರೆಗೆ ಒಯ್ಯತಕ್ಕದ್ದು. ಜಗುಲಿಯ ಎಳೆಬಿಸಿಲು ಸಾಕೆಂದು ಅಜ್ಜಿಯರು ಹೇಳುವರು. 1956ರಲ್ಲಿ ಇಂಗ್ಲೆಂಡಿನ ರಾಚ್‌ಫರ್ಡ್ ಆಸ್ಪತ್ರೆಯ ದಾದಿ ವಾರ್ಡ್ ಎಂಬಾಕೆ ಬಿಸಿಲಿನ ಗುಣ ಗಮನಿಸಿದ್ದರಿಂದಲೇ ಇಂದಿನ ನೀಲಿ ಬೆಳಕಿನ ಚಿಕಿತ್ಸೆ ಬಂದಿತು, ನಿಜ. ಆದರೆ ಆಷಾಢದಲ್ಲಿ ನಮ್ಮ ಸೀಮೆಗೆ ಬಿಸಿಲೆಲ್ಲಿ?

1957ರ ಮಂಗನ ಕಾಯಿಲೆಯಿಂದ ಕ್ಯಾಸನೂರಿನ ಹೆಸರು ಲೋಕಕ್ಕೆಲ್ಲ ತಿಳಿಯಿತು. ರಕ್ತ ಶಿವಮೊಗ್ಗಕ್ಕೆ ಹೋಗಿ ಫಲಿತಾಂಶ ಬರುವ ತನಕ ಕಾಯುವುದು ನಮಗೆ ಹೊಸದಲ್ಲ. ಕೂಸಿನ ಕಾಮಾಲೆ ಹಾಗೆ ಕಾಯದು. ಕಣ್ಣಂದಾಜೂ ಸಾಲದು; ಕಪ್ಪು ಮೈಯಲ್ಲಿ ಹಳದಿ ತಿಳಿಯುವುದಿಲ್ಲ.

ಹಣೆಗೋ ಎದೆಗೋ ಒತ್ತಿ, ಬೆಳಕು ಹಾಯಿಸಿ ಅಂಕಿ ತೋರಿಸುವ ಕೈಯಂತ್ರವೊಂದುಂಟು. ಜಪಾನಿನಲ್ಲಿ 1980ರಲ್ಲಿ ಮೊದಲು ಬಂದದ್ದು. ಸೂಜಿಯಿಲ್ಲ, ಕ್ಷಣದಲ್ಲಿ ಉತ್ತರ. ಆದರೂ ಅಂಕಿ ಹೆಚ್ಚಿದ್ದರೆ ರಕ್ತ ಪರೀಕ್ಷೆ ಆಗಲೇಬೇಕು. ನೀಲಿ ಬೆಳಕಿನಲ್ಲಿ ಮಲಗಿಸಿದ ಕೂಸಿಗೆ ಇದರ ಅಂಕಿಯನ್ನು ನಂಬುವಂತಿಲ್ಲ. ಇನ್ನೊಂದು, ಹಿಮ್ಮಡಿಯ ಹನಿ ರಕ್ತವನ್ನು ಪಟ್ಟಿಗೆ ಹಾಕಿ ನೋಡುವ ಯಂತ್ರ. ಇದಕ್ಕೆ ಪ್ರತಿ ಸಲವೂ ಹೊಸ ಪಟ್ಟಿ ಬೇಕು. ಬೆಳಕಿನ ಯಂತ್ರಗಳಲ್ಲಿಯೂ ಕೆಲವಕ್ಕೆ ಕೂಸಿಗೊಂದರಂತೆ ಬಿಸಾಡುವ ತುದಿ ಬೇಕಾಗುತ್ತದೆ. ಅಡಿಕೆಗೆ ಬೋರ್ಡೊ ಹೊಡೆಯುವ ಪಂಪು ಕೊಂಡು, ವಾಷರ್ ಸಿಗದೆ ಅಟ್ಟಕ್ಕೆ ಸೇರಿಸಿದವರು ನಮ್ಮಲ್ಲಿ ಕಡಿಮೆಯೇ?

ರಾತ್ರಿ ಪ್ರಯೋಗಶಾಲೆ ಮುಚ್ಚುವ ಆಸ್ಪತ್ರೆಗೆ ತುದಿ ಬೇಡದ ಬೆಳಕಿನ ಯಂತ್ರವೇ ಲೇಸೆಂದು ನನ್ನ ಅಭಿಪ್ರಾಯ. ಕೊಳ್ಳುವ ಮೊದಲು ಅಲ್ಲಿಯ ಕೂಸುಗಳ ಮೇಲೆಯೇ ಇಟ್ಟು, ರಕ್ತದ ಅಂಕಿಯೊಡನೆ ತಾಳೆ ನೋಡುವಂತೆ ವೈದ್ಯರನ್ನು ಕೇಳಿಕೊಳ್ಳಿ. ಕೆಟ್ಟರೆ ಶಿವಮೊಗ್ಗದಲ್ಲಿ ರಿಪೇರಿ ಮಾಡುವವರು ಯಾರು, ಅಷ್ಟು ದಿನ ಬದಲಿ ಯಂತ್ರ ಕೊಡುವರೇ ಎಂಬುದನ್ನು ಬರಹದಲ್ಲಿ ಪಡೆಯಿರಿ.

ತಾಯಂದಿರೇ, ಮನೆಗೆ ಹೊರಡುವ ಮುನ್ನ ಕೂಸಿನ ಅಂಕಿಯನ್ನೂ, ಅದನ್ನು ಅಳೆದ ಗಂಟೆಯನ್ನೂ ತಾಯಿ ಕಾರ್ಡಿನಲ್ಲಿ ಬರೆಸಿಕೊಳ್ಳಿ. ಮೊದಲ ದಿನದ ಕೂಸಿಗೆ ಅಪಾಯವಾದ ಅಂಕಿಯೇ ನಾಲ್ಕನೆಯ ದಿನದ ಕೂಸಿಗೆ ಸಾಮಾನ್ಯವಾಗಿರಬಹುದು.