ಮರದ ಬುಡದ ಅಣಬೆ: ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಬೇಡ
(ರೈತರ ಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಮಳೆ ಹಿಡಿಯಿತೆಂದರೆ ತೋಟದಲ್ಲಿ, ಬೇಲಿಯಲ್ಲಿ, ಸೌದೆ ಒಟ್ಟಿಲಿನಲ್ಲಿ ಅಣಬೆ ಏಳುವುದು ಸಹಜ. ನೆಲದಿಂದ ಕೊಡೆಯಂತೆ ಏಳುವ ಅಣಬೆಯ ಮಾತು ಇಂದು ಬೇಡ. ಮರದ ಮೈಗೆ ಗೋಡೆಯ ಹಲಗೆಯಂತೆ ಅಂಟಿ ಬೆಳೆಯುವ ಗಟ್ಟಿ ಅಣಬೆಯ ವಿಷಯವಾಗಿ ನಾಲ್ಕು ಮಾತು ಹೇಳುತ್ತೇನೆ.

ಮೊದಲು ನನ್ನ ತಪ್ಪನ್ನೇ ಒಪ್ಪಿಕೊಳ್ಳುತ್ತೇನೆ. ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಸೇರಿದ ಹೊಸತು. ಹಿರಿಯ ರೈತರೊಬ್ಬರು ತಮ್ಮ ಅಡಿಕೆ ಮರದ ಬುಡದಲ್ಲಿದ್ದ ಕೆಂಪು ಅಣಬೆಯನ್ನು ತೋರಿಸಿದರು. "ಮಳೆಗೆ ಎದ್ದದ್ದು, ಕಿತ್ತೆಸೆಯಿರಿ" ಎಂದುಬಿಟ್ಟೆ. ಅವರು ಹಾಗೆಯೇ ಮಾಡಿದರು. ಕೆಲವು ವರ್ಷಗಳಲ್ಲಿ ಆ ಸಾಲಿನ ಏಳು ಮರ ಸತ್ತವು. ಅವು ಅವರ ತಂದೆ ನೆಟ್ಟ ಮರಗಳು. ಅವರು ನನ್ನನ್ನು ಬಯ್ಯಲಿಲ್ಲ, ಕಾಫಿ ಕೊಟ್ಟು ಕಳಿಸಿದರು. ಅದು ಬೈಗುಳಕ್ಕಿಂತ ಹೆಚ್ಚು ಚುಚ್ಚಿತು.

ಕಣ್ಣಿಗೆ ಕಾಣುವ ಅಣಬೆ ಬರಿಯ ಕಾಯಿ ಇದ್ದಂತೆ. ಅದರ ಗಿಡ ಬಿಳಿಯ ನೂಲಾಗಿ ಮರದ ಒಳಗೂ ಬೇರಿನಲ್ಲೂ ಹಬ್ಬಿರುತ್ತದೆ. ಕಾಯಿ ಕಿತ್ತರೆ ಗಿಡ ಸಾಯುವುದುಂಟೆ?

ಆದುದರಿಂದ ಅಣಬೆ ಕಂಡಾಗ ನಾಲ್ಕು ಕಡೆ ನೋಡತಕ್ಕದ್ದು: ಬೆಳೆದ ಜಾಗ, ಮೇಲ್ಮೈ, ಕೆಳಮೈ ಮತ್ತು ಧೂಳಿ.

ಅಡಿಕೆ, ತೆಂಗಿಗೆ ಅಣಬೆ ರೋಗ ತರುವುದು ಗ್ಯಾನೊಡರ್ಮ ಎಂಬ ಜಾತಿ. ಇದು ಮರದ ಬುಡದಲ್ಲಿ ಇಲ್ಲವೆ ಬೊಡ್ಡೆಯಲ್ಲಿ ಏಳುತ್ತದೆ. ಮೇಲ್ಮೈ ಕೆಂಗಂದು, ಚನ್ನಪಟ್ಟಣದ ಬೊಂಬೆಗೆ ಅರಗು ಹಚ್ಚಿದ ಹೊಳಪು. ಎಳೆಯದರ ಅಂಚು ಬಿಳಿ. ಕೆಳಗೆ ಸೂಜಿಮೊನೆಯಷ್ಟು ಸಣ್ಣ ರಂಧ್ರಗಳು. ಬಲಿತ ಮೇಲೆ ಕಂದು ಧೂಳಿ ಉದುರಿ ಹೊಳಪನ್ನು ಮುಚ್ಚುವುದರಿಂದ, ಒದ್ದೆ ಬಟ್ಟೆಯಿಂದ ಒರೆಸಿ ನೋಡಿ. ಇದೇ ಕುಲದ ಇನ್ನೊಂದಕ್ಕೆ ಹೊಳಪಿಲ್ಲ. ಮೇಲೆ ಬೂದುಗಂದು, ಏಣುಏಣು. ಅದರ ಬಿಳಿಯ ಕೆಳಮೈಯನ್ನು ಉಗುರಿನಿಂದ ಗೀಚಿದರೆ ಕೂಡಲೆ ಕಂದಾಗುತ್ತದೆ. ಅದೂ ಮರ ಕೊಳೆಸುವಂಥದೇ.

ಇನ್ನು ಮೋಸಗೊಳಿಸುವವು. ಒಣ ದಿಮ್ಮಿ, ಬೇಲಿ ಗೂಟದ ಮೇಲೆ ಕಿತ್ತಳೆಗೆಂಪಿನ ತೆಳು ಅಣಬೆ ಬರುತ್ತದೆ. ಅದಕ್ಕೆ ಅರಗಿನ ಹೊಳಪಿಲ್ಲ, ಕೆಳಮೈಯೂ ಕೆಂಪೇ. ಸತ್ತ ಮರವನ್ನು ತಿಂದು ಬದುಕುವ ಅದರಿಂದ ತೋಟಕ್ಕೆ ಭಯವಿಲ್ಲ. ಉಗುರಿನಷ್ಟು ಅಗಲದ, ಬೀಸಣಿಗೆಯಾಕಾರದ, ಬಿಳಿ ರೋಮವಿರುವ ಇನ್ನೊಂದುಂಟು. ಅದರ ಕೆಳಗೆ ರಂಧ್ರವಿಲ್ಲ, ಸೀಳಿದ ಅಂಚಿನ ಪದರಗಳಿವೆ. ಅದು ಹೆಚ್ಚಾಗಿ ಸತ್ತ ಮರದಲ್ಲಿ, ಕೆಲವೊಮ್ಮೆ ಬಿಸಿಲಿಗೆ ಸುಟ್ಟ ಗಾಯದಲ್ಲಿ ಏಳುತ್ತದೆ. ಆಗ ಕಾಂಡಕ್ಕೆ ನೆರಳು ಮಾಡಿ.

ಇನ್ನೂ ಅನುಮಾನವೆ? ಅಣಬೆಯನ್ನು ರಾತ್ರಿ ಬಿಳಿ ಕಾಗದದ ಮೇಲೆ ಕೆಳಮೈ ತಾಗುವಂತೆ ಇಡಿ. ಬೆಳಿಗ್ಗೆ ಕಂದು ಧೂಳಿ ಬಿದ್ದಿದ್ದರೆ ಎಚ್ಚರವಾಗಿ. ಧೂಳಿ ಬೀಳದಿದ್ದರೆ ಅಪಾಯವಿಲ್ಲವೆಂದು ತಿಳಿಯಕೂಡದು. ಅಣಬೆ ಇನ್ನೂ ಎಳೆಯದಿರಬಹುದು.

ಒಂದು ಮಾತು ಮರೆಯಬೇಡಿ: ಅಣಬೆ ಕಾಣುವಷ್ಟರಲ್ಲಿ ರೋಗ ಬಲಿತಿರುತ್ತದೆ. ಅದಕ್ಕೂ ಮೊದಲೇ, ನೆಲ ತೇವವಿದ್ದರೂ ಹೊರಸುತ್ತಿನ ಗರಿಗಳು ಹಳದಿಯಾಗಿ ಜೋತುಬೀಳುತ್ತವೆ, ಬುಡದಿಂದ ಕಂದು ರಸ ಒಸರುತ್ತದೆ. ಇದೇ ರೋಗಕ್ಕೆ ತೆಂಗಿನಲ್ಲಿ ತಂಜಾವೂರು ರೋಗವೆಂಬ ಹೆಸರಿದೆ. ೧೯೫೨ರ ಚಂಡಮಾರುತದ ತರುವಾಯ ಅದು ಆ ಜಿಲ್ಲೆಯ ತೋಟಗಳಲ್ಲಿ ಕಾಣಿಸಿಕೊಂಡಿತು.

ಮಾಡಬೇಕಾದದ್ದು ಇಷ್ಟು. ಸತ್ತ ಮರವನ್ನು ಬೊಡ್ಡೆ, ಬೇರುಸಹಿತ ಅಗೆದು ಸುಡಿ. ಬೊಡ್ಡೆ ಉಳಿದರೆ ರೋಗ ಬೇರಿನಿಂದ ಬೇರಿಗೆ ದಾಟುತ್ತದೆ. ರೋಗದ ಮರದ ಸುತ್ತ ೨ ಅಡಿ ಆಳ, ೧ ಅಡಿ ಅಗಲದ ಕಂದಕ ತೆಗೆದು ಬೇರೆಮಾಡಿ. ಅದರ ನೀರು ಆರೋಗ್ಯದ ಮರಕ್ಕೆ ಹರಿಯಕೂಡದು. ಬಸಿಗಾಲುವೆ ಸರಿಪಡಿಸಿ. ವರ್ಷಕ್ಕೆ ಅಡಿಕೆ ಮರಕ್ಕೆ ೨ ಕಿಲೋ, ತೆಂಗಿಗೆ ೫ ಕಿಲೋ ಬೇವಿನ ಹಿಂಡಿಯನ್ನು ಟ್ರೈಕೊಡರ್ಮ ಬೆರೆಸಿ ಕೊಡಿ. ಹೊಂಗೆ, ಗುಲ್‌ಮೊಹರ್ ಮರಗಳಿಗೂ ಈ ರೋಗ ತಗಲುವುದರಿಂದ ಅಡಿಕೆ ತೋಟದ ಪಕ್ಕ ಅವನ್ನು ಬೆಳೆಸಬೇಡಿ.

ಔಷಧಿಯೆಂದು ಯಾರೋ ಹೇಳಿದರೆಂದು ಗುರುತಿಲ್ಲದ ಅಣಬೆಯ ಕಷಾಯ ಕುಡಿಯಲೂ ಬೇಡಿ.

ಸಂಶಯವಿದ್ದರೆ ಅಣಬೆಯ ತುಂಡನ್ನು ಕಾಗದದಲ್ಲಿ ಸುತ್ತಿ, ಎಲ್ಲಿ ಬೆಳೆದದ್ದೆಂದು ಬರೆದು ನನ್ನಲ್ಲಿಗೆ ತನ್ನಿ. ಈಗ ನಾನು ಅದನ್ನು ತಿರುಗಿಸಿ ನೋಡದೆ ಉತ್ತರ ಕೊಡುವುದಿಲ್ಲ. ಆ ಹಿರಿಯರ ಏಳು ಮರ ನನಗೆ ಕಲಿಸಿದ ಪಾಠವದು. ನಿಮ್ಮ ತೋಟದಲ್ಲಿ ಆ ಪಾಠ ಮರುಕಳಿಸದಿರಲಿ.